ಸತ್ತುಹೋದ ಮೈನಸ್ ಬಟನ್, ಒಂದು ಹಳೇ ರಿಮೋಟ್, ಮತ್ತು ಕೆಂಪು ಇಂಕ್

ಅಕ್ಕನ ಮಗಳು ಡಿಪ್ಲೊಮಾ ಎರಡನೇ ವರ್ಷ. ಕಳೆದ ತಿಂಗಳು ಮನೆಗೆ ಬಂದವಳು ತನ್ನ ಕ್ಯಾಸಿಯೊ ಎಫ್‌ಎಕ್ಸ್-82 ಎಂಎಸ್ ತಂದು ಮೇಜಿನ ಮೇಲಿಟ್ಟು, "ಮಾಮಾ, ಇದು ಒಂದೊಂದ್ಸಲ ತಾನಾಗೇ ಏನೋ ಸೇರಿಸ್ಕೊಂಡು ಲೆಕ್ಕ ಮಾಡತ್ತೆ" ಅಂದಳು. ನನಗೆ ನಗು ಬಂತು. ಕ್ಯಾಲ್ಕುಲೇಟರ್ ತಾನಾಗೇ ಏನೂ ಸೇರಿಸಿಕೊಳ್ಳುವುದಿಲ್ಲ ಅಂದೆ. ಆಮೇಲೆ ನೋಡಿದರೆ ಅವಳು ಹೇಳಿದ್ದೇ ಸರಿ, ನಿಜವಾಗಿಯೂ ಸೇರಿಸಿಕೊಳ್ಳುತ್ತಿತ್ತು.

ಆಗಿದ್ದು ಇಷ್ಟು. ಈ ಮಾದರಿಯಲ್ಲಿ ಮೈನಸ್ ಬಟನ್ ಎರಡಿವೆ. ಬಲಗಡೆ + ಪಕ್ಕದಲ್ಲಿರುವುದು ಕಳೆಯುವ ಮೈನಸ್. ಎಡಗಡೆ, ಸೈನ್ ಕಾಸ್ ಇರುವ ಸಾಲಿನ ಮೊದಲನೆಯದು, ಕಂಸದೊಳಗೆ ಚಿಕ್ಕ ಗೆರೆ ಇರುವ (−). ಅದು ಋಣ ಸಂಖ್ಯೆ ಬರೆಯುವುದಕ್ಕೆ. ಇವಳದರಲ್ಲಿ (−) ಸತ್ತುಹೋಗಿತ್ತು. ಅದಕ್ಕೆ ಎಲ್ಲದಕ್ಕೂ ಬಲಗಡೆಯ − ಒತ್ತುತ್ತಿದ್ದಳು. ತಮಾಷೆ ಏನೆಂದರೆ ಹತ್ತರಲ್ಲಿ ಒಂಬತ್ತು ಸಲ ಅದು ನಡೆದುಬಿಡುತ್ತದೆ. ಎಸಿ (ಪರದೆ ಅಳಿಸುವ ಬಟನ್) ಒತ್ತಿ − 5 + 8 = ಅಂದರೆ 3 ಬರುತ್ತದೆ. 8 × − 5 = ಅಂದರೆ −40 ಬರುತ್ತದೆ. ಕ್ಯಾಸಿಯೊ ಈ ವಿಷಯದಲ್ಲಿ ಧಾರಾಳಿ.

ಕೈಕೊಡುವುದು ಹತ್ತನೇ ಸಲ. ಪರದೆಯ ಮೇಲೆ ಹಿಂದಿನ ಉತ್ತರ, 12 ಅಂತಿಟ್ಟುಕೊಳ್ಳಿ, ಹಾಗೇ ಇದೆ. ಈಗ −5 × 2 ಬೇಕು. ಎಸಿ ಒತ್ತದೆ ಸೀದಾ − ಒತ್ತಿದಿರಿ. ಅದು ಪಾಪ ಅಂದುಕೊಳ್ಳುತ್ತದೆ, ಓಹೋ ಹಿಂದಿನ ಉತ್ತರದಿಂದ ಕಳೆಯಬೇಕು ಅಂತ. ಪರದೆಯಲ್ಲಿ ಆನ್ಸ್ − ಅಂತ ಬರುತ್ತದೆ. 12 − 5 × 2, ಉತ್ತರ 2. ನಿಮಗೆ ಬೇಕಾಗಿದ್ದು −10. (−) ಒತ್ತಿದ್ದರೆ ಹೊಸ ಲೆಕ್ಕ ಶುರುವಾಗಿ −10 ಬರುತ್ತಿತ್ತು. ಇವಳು ಲ್ಯಾಬ್ ರೀಡಿಂಗ್‌ಗಳನ್ನು ಗಡಿಬಿಡಿಯಲ್ಲಿ ಒಂದರ ಹಿಂದೆ ಒಂದು ಹಾಕುತ್ತಿದ್ದಳು, ಎಸಿ ಒತ್ತುವ ಅಭ್ಯಾಸ ಇಲ್ಲ. ಒಂದು ತಿಂಗಳ ರೆಕಾರ್ಡ್ ಬುಕ್‌ನಲ್ಲಿ ಅಲ್ಲಲ್ಲಿ ಉತ್ತರ ಎಡವಟ್ಟು.

ಇನ್ನೊಂದು ಸಾಕ್ಷಿಯೂ ಸಿಕ್ಕಿತು. ಅದೇ (−) ಬಟನ್ ಮೇಲೆ ಕೆಂಪಕ್ಷರದ ಎ ಇದೆ, ನೆನಪಿನಲ್ಲಿ ಸಂಖ್ಯೆ ಇಡುವ ಜಾಗ. ಅದರಲ್ಲೂ ಏನೂ ಇಡಲು ಆಗುತ್ತಿರಲಿಲ್ಲ. ಪಕ್ಕದ ಬಿ, ಸಿ ಎಲ್ಲ ಸರಿ. ಅಂದರೆ ತೊಂದರೆ ಚಿಪ್‌ನಲ್ಲಿ ಅಲ್ಲ, ಆ ಒಂದು ಬಟನ್‌ನಲ್ಲೇ. ಏನಾದರೂ ಚೆಲ್ಲಿದ್ಯಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಟೀ... ಸ್ವಲ್ಪ" ಅಂದಳು.

ಮೊದಲ ಸಂಜೆ: ಬಿಚ್ಚಿದ್ದು

ಬ್ಯಾಟರಿ ತೆಗೆದು ಹಿಂದಿನ ಸ್ಕ್ರೂಗಳನ್ನು ಬಿಚ್ಚಿ ಒಂದು ಡಬ್ಬಿ ಮುಚ್ಚಳದಲ್ಲಿ ಹಾಕಿಟ್ಟೆ. ಹಿಂಬದಿ ಮುಚ್ಚಳ ಸ್ಕ್ರೂ ತೆಗೆದರೂ ಸುತ್ತ ಪ್ಲಾಸ್ಟಿಕ್ ಕೊಂಡಿಗಳಲ್ಲಿ ಹಿಡಿದುಕೊಂಡಿರುತ್ತದೆ, ಉಗುರಿನಿಂದ ನಿಧಾನ ಬಿಡಿಸಬೇಕು. ಒಳಗೆ ಹಸಿರು ಬೋರ್ಡ್. ಅದರಿಂದ ಡಿಸ್‌ಪ್ಲೇಗೆ ಹೋಗುವ ತೆಳ್ಳನೆಯ ಪಟ್ಟಿ ಇದೆಯಲ್ಲ, ಅದನ್ನು ಮುಟ್ಟಲೇಬೇಡಿ. ಬಿಸಿಯಲ್ಲಿ ಅಂಟಿಸಿದ್ದು ಅದು. ಒಮ್ಮೆ ಎದ್ದರೆ ಅಂಕಿಗಳಲ್ಲಿ ಅರ್ಧರ್ಧ ಗೆರೆ ಮಾಯವಾಗುತ್ತವೆ, ಮತ್ತೆ ಕೂರಿಸುವುದು ದೊಡ್ಡ ತಲೆನೋವು. ಬೋರ್ಡನ್ನು ಪುಸ್ತಕ ತೆರೆದ ಹಾಗೆ ಒಂದು ಬದಿಗೆ ಮಾತ್ರ ಎತ್ತಿದೆ.

ಅದರ ಕೆಳಗೆ ರಬ್ಬರ್ ಹಾಳೆ. ಪ್ರತಿ ಬಟನ್‌ಗೂ ಒಂದು ಗುಬ್ಬಿ, ಗುಬ್ಬಿಯ ತಳದಲ್ಲಿ ಕಪ್ಪು ಬಿಲ್ಲೆ. ಒತ್ತಿದಾಗ ಆ ಬಿಲ್ಲೆ ಬೋರ್ಡಿನ ಮೇಲಿನ ಎರಡು ಗೆರೆಗಳನ್ನು ಜೋಡಿಸುತ್ತದೆ, ಅಷ್ಟೇ ಕೆಲಸ. (−) ಇದ್ದ ಜಾಗದಲ್ಲಿ ಟೀ ಒಣಗಿ ಪಾಕದ ಹಾಗೆ ಅಂಟಿತ್ತು. ಸಕ್ಕರೆ ಸರಿಯಾಗೇ ಹಾಕಿದ್ದಾಳೆ ಹುಡುಗಿ.

ಎಸ್‌.ಪಿ. ರೋಡ್‌ನಿಂದ ಯಾವಾಗಲೋ ತಂದಿಟ್ಟ ಐಸೊಪ್ರೊಪೈಲ್ ಆಲ್ಕೊಹಾಲ್ ಇತ್ತು. ಇಯರ್ ಬಡ್‌ನಲ್ಲಿ ಅದ್ದಿ ಬೋರ್ಡ್ ಒರೆಸಿದೆ. ಇಲ್ಲಿ ಒಂದು ಮಾತು: ಬೋರ್ಡಿನ ಮೇಲಿನ ಕಪ್ಪು ಗೆರೆಗಳು ಕೊಳೆ ಅಲ್ಲ! ಅದು ಕಾರ್ಬನ್ ಬಳಿದದ್ದು, ಅದರಲ್ಲೇ ಕರೆಂಟು ಹರಿಯುವುದು. ಹಿಂದೆ ಒಂದು ರಿಮೋಟ್ ರಿಪೇರಿಯಲ್ಲಿ ಕೊಳೆ ಅಂತ ತಿಳಿದು ಉಜ್ಜಿ ಉಜ್ಜಿ ತೆಗೆದ ಮಹಾನುಭಾವ ನಾನೇ. ಈ ಸಲ ಮೆಲ್ಲಗೆ ಒರೆಸಿ ಬಿಟ್ಟೆ.

ರಬ್ಬರ್ ಹಾಳೆಯನ್ನು ಸೋಪು ನೀರಲ್ಲಿ ತೊಳೆದು ಫ್ಯಾನ್ ಕೆಳಗೆ ಒಣಗಿಸಿದೆ. ಜೋಡಿಸಿ ನೋಡಿದರೆ (−) ಇನ್ನೂ ಸತ್ತೇ ಇದೆ. ಮಲ್ಟಿಮೀಟರ್ ತಂದು ಬಿಲ್ಲೆಗಳನ್ನು ಅಳೆದೆ. ಪಕ್ಕದ ಬಿಲ್ಲೆಗಳು ಕೆಲವು ನೂರು ಓಮ್ ತೋರಿಸುತ್ತಿದ್ದವು, ಇದರಲ್ಲಿ ಮೀಟರ್ ಅಲ್ಲಾಡಲೇ ಇಲ್ಲ. ಕಾರ್ಬನ್ ಪದರ ಎದ್ದುಹೋಗಿ ಬರೀ ರಬ್ಬರ್ ಉಳಿದಿತ್ತು.

ಎರಡನೇ ಸಂಜೆ: ಪೆನ್ಸಿಲ್, ಆಮೇಲೆ ರಿಮೋಟ್

ಎಲ್ಲರೂ ಹೇಳುವ ಉಪಾಯ ಪೆನ್ಸಿಲ್. 6ಬಿ ಪೆನ್ಸಿಲ್‌ನಿಂದ ಬಿಲ್ಲೆಯ ಮೇಲೆ ಗಸಗಸ ಬಳಿದೆ. ಕೆಲಸ ಮಾಡಿತು! ಖುಷಿಯಲ್ಲಿ ಅವಳಿಗೆ ಫೋನ್ ಮಾಡಿ ಹೇಳಿಯೂ ಆಯಿತು. ಎರಡು ದಿನಕ್ಕೆ ಮತ್ತೆ ಸತ್ತಿತು. ಗ್ರಾಫೈಟ್ ಪುಡಿ ರಬ್ಬರ್ ಮೇಲೆ ನಿಲ್ಲುವುದಿಲ್ಲ, ಒತ್ತಿ ಒತ್ತಿ ಉದುರಿಹೋಗುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿಗೆ ಪೆನ್ಸಿಲ್ ಸಾಕು, ಅದಕ್ಕಿಂತ ಜಾಸ್ತಿ ನಂಬಬೇಡಿ.

ಹಾಗಾಗಿ ಬಿಲ್ಲೆಯನ್ನೇ ಬದಲಿಸುವುದು ಅಂತಾಯಿತು. ಕೆಟ್ಟ ಸೆಟ್‌ಟಾಪ್ ಬಾಕ್ಸ್‌ನ ರಿಮೋಟ್ ಒಂದು ಅಟ್ಟದ ಮೇಲಿತ್ತು. ಅದರ ರಬ್ಬರ್ ಹಾಳೆಯಿಂದ ಯಾರೂ ಒತ್ತದ ಬಟನ್ ನೋಡಿ ಬ್ಲೇಡಿನಿಂದ ಕಪ್ಪು ಬಿಲ್ಲೆಯನ್ನು ತೆಳ್ಳಗೆ ಸೀಳಿ ತೆಗೆದೆ. ಇಲ್ಲಿ ಅಂಟಿನ ಪ್ರಶ್ನೆ. ಕೈಗೆ ಮೊದಲು ಸಿಗುವುದು ಸೂಪರ್ ಗ್ಲೂ, ಆದರೆ ಅದು ಸಿಲಿಕೋನ್ ರಬ್ಬರ್‌ಗೆ ಹಿಡಿಯುವುದಿಲ್ಲ, ಒಣಗಿದ ಮೇಲೆ ಸಿಪ್ಪೆ ಥರ ಎದ್ದು ಬರುತ್ತದೆ. ಸಿಲಿಕೋನ್‌ಗೆ ಸಿಲಿಕೋನೇ ಬೇಕು. ಬಾತ್‌ರೂಮ್ ಸಂದು ಮುಚ್ಚುವ ಸೀಲೆಂಟ್ ಟ್ಯೂಬ್ ಇತ್ತು, ಸಾಸಿವೆ ಕಾಳಿನಷ್ಟು ತೆಗೆದು ಹಚ್ಚಿದೆ. ಅದರ ವಾಸನೆ ಗಮನಿಸಿದ್ದೀರಾ, ವಿನೆಗರ್ ವಾಸನೆ. ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಹಸಿಯಾಗಿರುವಾಗಲೇ ಒಳಗಿಟ್ಟು ಮುಚ್ಚಿದರೆ ಬೋರ್ಡಿನ ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ. ಹಾಳೆಯನ್ನು ಹೊರಗೇ ಒಂದು ದಿನ ಪೂರ್ತಿ ಇಟ್ಟು, ಮೂಸಿ ನೋಡಿ, ವಾಸನೆ ಹೋದ ಮೇಲೇ ಜೋಡಿಸಿದ್ದು.

ಜೋಡಿಸಿ ಬ್ಯಾಟರಿ ಹಾಕಿದೆ. ಆನ್ ಮಾಡಿದ ತಕ್ಷಣ ಪರದೆಯಲ್ಲಿ ಒಂದು ಪುಟ್ಟ ಗೆರೆ. ನಾನು ಏನೂ ಒತ್ತಿಲ್ಲ. ಬೇರೆ ಯಾವ ಬಟನ್ ಒತ್ತಿದರೂ ಕೇಳುವುದಿಲ್ಲ. ಬಿಲ್ಲೆ ದಪ್ಪವಾಗಿ (−) ಯಾವಾಗಲೂ ಒತ್ತಿಕೊಂಡೇ ಇತ್ತು. ಸತ್ತದ್ದು ಬದುಕಿತು, ಈಗ ಸುಮ್ಮನಿರಲು ಒಲ್ಲದು. ಮತ್ತೆ ಬಿಚ್ಚಿ, ಬಿಲ್ಲೆಯ ಹಿಂದೆ ಉಬ್ಬಿದ್ದ ಅಂಟನ್ನು ಕೆರೆದು, ಪಕ್ಕದವುಗಳ ಎತ್ತರಕ್ಕೆ ತಂದು, ಮತ್ತೆ ಅಂಟಿಸಿ, ಮತ್ತೊಂದು ದಿನ ಕಾದು... ಕೊನೆಗೆ ಸರಿಹೋಯಿತು. ಶಿಫ್ಟ್ ಒತ್ತಿ, ಮೋಡ್ ಬಟನ್ ಮೇಲಿರುವ ಕ್ಲಿಯರ್ ಒತ್ತಿ, 3 ಒತ್ತಿ = ಅಂದೆ, ಎಲ್ಲ ಮೊದಲಿನ ಸ್ಥಿತಿಗೆ ಬಂತು.

ಭಾನುವಾರ: ಪರೀಕ್ಷೆ ಹೋಗಿ ಸಂತೆಯಾಯಿತು

ರಿಪೇರಿ ಆದ ಮೇಲೆ ಪರೀಕ್ಷಿಸಲು ನಾಲ್ಕು ಲೆಕ್ಕ ಬರೆದುಕೊಂಡೆ. −5 + 8. 8 × −5. −2 ರ ವರ್ಗ. 5 ಗುಣಿಸು 10 ರ ಘಾತ −3. ಇದನ್ನು ಸುಮ್ನೆ ಬೇರೆ ಕ್ಯಾಲ್ಕುಲೇಟರ್‌ನಲ್ಲೂ ನೋಡೋಣ ಅಂತ ಹೊರಟವನು ಸಂಜೆಯವರೆಗೆ ಎದ್ದಿಲ್ಲ. ಭಾನುವಾರ, ಮನೆಯವರು ಬೈದದ್ದು ಬೇರೆ.

ಅಡುಗೆಮನೆಯಲ್ಲಿರುವ ಹನ್ನೆರಡು ಅಂಕಿಯ ಸಾದಾ ಕ್ಯಾಲ್ಕುಲೇಟರ್, ಅಂಗಡಿಗಳಲ್ಲಿ ಇರುತ್ತದಲ್ಲ ಅದು. ಇದರಲ್ಲಿ ± ಇಲ್ಲ, (−) ಇಲ್ಲ, ಇರುವುದೊಂದೇ ಮೈನಸ್. − 5 + 8 = ಒತ್ತಿದರೆ 3 ಸರಿಯಾಗೇ ಬರುತ್ತದೆ, ಯಾಕೆಂದರೆ ಒಳಗೆ ಮೊದಲೇ 0 ಇದೆ, 0 − 5 ಅಂತ ತೆಗೆದುಕೊಳ್ಳುತ್ತದೆ. 8 × − 5 = ಒತ್ತಿ ನೋಡಿ. 3 ಬರುತ್ತದೆ! × ಒತ್ತಿದ ಮೇಲೆ − ಒತ್ತಿದರೆ, ಓ ಇವನು ಮನಸ್ಸು ಬದಲಿಸಿದ ಅಂತ × ಮರೆತುಬಿಡುತ್ತದೆ. 8 − 5 ಆಯಿತು. ತಪ್ಪು ಅಂತ ಹೇಳುವುದೂ ಇಲ್ಲ, ಮುಖ ನೋಡಿಕೊಂಡು 3 ಅನ್ನುತ್ತದೆ. ಇದಕ್ಕೆ ದಾರಿ ಎಂ ಮೈನಸ್ ಬಟನ್. ಮೊದಲು ಮೆಮೊರಿ ಖಾಲಿ ಮಾಡಿ, 5 ಒತ್ತಿ ಎಂ ಮೈನಸ್ ಒತ್ತಿ. ಮೆಮೊರಿಯಲ್ಲಿ ಈಗ −5 ಇದೆ. ಆಮೇಲೆ 8 × ಒತ್ತಿ, ಮೆಮೊರಿಯಲ್ಲಿರುವುದನ್ನು ಕರೆಯುವ ಎಂಆರ್ ಒತ್ತಿ =. −40. ನನ್ನ ಹೆಂಡತಿ ಇದನ್ನು ನೋಡಿ, "40 ಅಂತ ತೆಗೆದು ಮುಂದೆ ಒಂದು ಗೆರೆ ಎಳೆದರೆ ಆಗಲ್ವಾ" ಅಂದಳು. ಆಗತ್ತೆ. ವಾದ ಮಾಡಲಿಲ್ಲ.

ನನ್ನ ಕಾಲೇಜು ಕಾಲದ ಒಂದು ಸಾಲಿನ ಸೈಂಟಿಫಿಕ್ ಕ್ಯಾಲ್ಕುಲೇಟರ್ ಇನ್ನೂ ಬದುಕಿದೆ. ಅದರಲ್ಲಿ ± ಬಟನ್. ಇದರ ಕ್ರಮ ಉಲ್ಟಾ: ಮೊದಲು 5, ಆಮೇಲೆ ±. ಸಂಖ್ಯೆ ಬರೆಯುವ ಮೊದಲೇ ± ಒತ್ತಿದರೆ 0 ಗೆ ಚಿಹ್ನೆ ಬದಲಿಸಿ ಏನೂ ಆಗದೆ ಸುಮ್ಮನಾಗುತ್ತದೆ. ಅಂದರೆ ಇದು ಮೈನಸ್ ಬರೆಯುವ ಬಟನ್ ಅಲ್ಲ, ಪರದೆ ಮೇಲಿರುವುದನ್ನು ಮಗುಚುವ ಬಟನ್. ದೋಸೆ ಹುಯ್ಯದೆ ಮಗುಚಲು ಆಗತ್ತಾ? ಘಾತದ ಲೆಕ್ಕದಲ್ಲಿ ಇದರ ಒಂದು ಸೂಕ್ಷ್ಮ ಇದೆ. 5, ಆಮೇಲೆ ಘಾತದ ಬಟನ್, ಆಮೇಲೆ 3, ಆಮೇಲೆ ± ಒತ್ತಿದರೆ ಮಗುಚಿಕೊಳ್ಳುವುದು 3 ಮಾತ್ರ. 5 ಅನ್ನೇ ಋಣ ಮಾಡಬೇಕಿದ್ದರೆ ಘಾತದ ಬಟನ್‌ಗೆ ಮುಂಚೆಯೇ ± ಒತ್ತಬೇಕು.

ವರ್ಗದ ಲೆಕ್ಕದಲ್ಲಿ ಮಜಾ ಶುರು. ± ಯಂತ್ರದಲ್ಲಿ 2 ± ಒತ್ತಿ ವರ್ಗದ ಬಟನ್ ಒತ್ತಿದರೆ 4. ರಿಪೇರಿಯಾದ ಕ್ಯಾಸಿಯೊದಲ್ಲಿ (−) 2 ವರ್ಗ = ಒತ್ತಿದರೆ −4. ಒಂದು ಕ್ಷಣ ನನ್ನ ರಿಪೇರಿಯೇ ಎಡವಟ್ಟಾಯಿತೇನೋ ಅಂದುಕೊಂಡೆ. ಎರಡೂ ಸರಿ. ± ಒತ್ತಿದಾಗ −2 ಅನ್ನುವುದು ಆಗಲೇ ಒಂದು ಗಟ್ಟಿ ಸಂಖ್ಯೆ, ಅದರ ವರ್ಗ 4. ಕ್ಯಾಸಿಯೊ ನೀವು ಬರೆದ ಸಾಲನ್ನು ಬೀಜಗಣಿತದ ಥರ ಓದುತ್ತದೆ: ಮೊದಲು 2 ರ ವರ್ಗ, ಆಮೇಲೆ ಅದಕ್ಕೆ ಮೈನಸ್. ಕಂಸ ಹಾಕಿ (−2) ರ ವರ್ಗ ಕೇಳಿದರೆ ಅದೂ 4 ಅನ್ನುತ್ತದೆ. −2 ಅನ್ನು ಎ ಯಲ್ಲಿಟ್ಟು ಎ ಯ ವರ್ಗ ಕೇಳಿದರೂ 4. (ಎ ಕೂಡ ಬದುಕಿದೆ ಅಂತ ಇದರಲ್ಲೇ ಖಾತ್ರಿಯಾಯಿತು.)

ಕಂಪ್ಯೂಟರ್‌ಗೆ ಹೋದರೆ ಅಲ್ಲೂ ಇದೇ ಜಗಳ. ಎಕ್ಸೆಲ್‌ನಲ್ಲಿ =-2^2 (^ ಅಂದರೆ ಘಾತ) ಹಾಕಿದರೆ 4. ಪೈಥಾನ್‌ನಲ್ಲಿ ಅದನ್ನೇ -2**2 ಅಂತ ಬರೆದರೆ −4. ಲಿನಕ್ಸ್‌ನ ಬಿಸಿ (bc) ಅನ್ನುವ ಹಳೇ ಲೆಕ್ಕದ ಪ್ರೋಗ್ರಾಮ್ ಎಕ್ಸೆಲ್ ಪಕ್ಷ, 4 ಅನ್ನುತ್ತದೆ. ಅದರ ಅಣ್ಣನಂಥ ಡಿಸಿ (dc) ಇನ್ನೂ ವಿಚಿತ್ರ: ಅದರಲ್ಲಿ − ಅಂದರೆ ಕಳೆಯುವುದು ಮಾತ್ರ, ಋಣ ಸಂಖ್ಯೆಗೆ ಅಡಿಗೆರೆ ಹಾಕಬೇಕು, _5 ಅಂತ. ವಿಂಡೋಸ್ ಕ್ಯಾಲ್ಕುಲೇಟರ್‌ನಲ್ಲಿ ± ಇದೆ, ಕೀಬೋರ್ಡ್‌ನಲ್ಲಿ ಎಫ್9 ಒತ್ತಿದರೆ ಅದೇ. ನನ್ನ ಆಂಡ್ರಾಯ್ಡ್ ಫೋನ್‌ನಲ್ಲಿ ಒಂದೇ ಮೈನಸ್, ಆದರೂ × ಪಕ್ಕದಲ್ಲಿ − ಒತ್ತಿದರೆ ಎರಡನ್ನೂ ಉಳಿಸಿಕೊಂಡು ಸರಿಯಾಗಿ ಮಾಡುತ್ತದೆ. ಅಡುಗೆಮನೆಯ ಯಂತ್ರಕ್ಕಿಲ್ಲದ ಬುದ್ಧಿ.

ತಮ್ಮನ ಮಗಳು ಅಮೆರಿಕದಲ್ಲಿ ಹೈಸ್ಕೂಲು. ವಿಡಿಯೊ ಕಾಲ್‌ನಲ್ಲಿ ಅವಳ ಟಿಐ-84 ತೋರಿಸು ಅಂದೆ. ಅದರಲ್ಲೂ ಎರಡು ಬಟನ್, (−) ಕೆಳಗಡೆ ಎಂಟರ್ ಪಕ್ಕದಲ್ಲೇ. ಆದರೆ ಇದು ಕ್ಯಾಸಿಯೊ ಥರ ಧಾರಾಳಿ ಅಲ್ಲ. 8 × ಆದ ಮೇಲೆ ಕಳೆಯುವ ಮೈನಸ್ ಒತ್ತಿ 5 ಹಾಕಿದರೆ ಸಿಂಟ್ಯಾಕ್ಸ್ ಎರರ್ ಅಂತ ನಿಂತೇಬಿಟ್ಟಿತು. ಸಾಲಿನ ಮೊದಲಲ್ಲಿ ಒತ್ತಿದರೆ ಇದೂ ಆನ್ಸ್ ತಂದಿಡುತ್ತದೆ. ಕಟ್ಟುನಿಟ್ಟು ಅನ್ನಿಸಬಹುದು. ಆದರೆ ನಮ್ಮ ಹುಡುಗಿಯ ಹತ್ತಿರ ಇಂಥದ್ದಿದ್ದರೆ ಬಟನ್ ಸತ್ತ ದಿನವೇ ಗೊತ್ತಾಗುತ್ತಿತ್ತು, ತಿಂಗಳ ರೆಕಾರ್ಡ್ ಹಾಳಾಗುತ್ತಿರಲಿಲ್ಲ. ಮರುಮಾತಿಲ್ಲದೆ ತಪ್ಪು ಉತ್ತರ ಕೊಡುವುದಕ್ಕಿಂತ ಬೈಯುವ ಯಂತ್ರವೇ ವಾಸಿ ಅಂತ ನನ್ನ ಅಭಿಪ್ರಾಯ.

ಗೆಳೆಯನೊಬ್ಬ ಬ್ಯಾಂಕ್‌ನಲ್ಲಿದ್ದಾನೆ, ಅವನ ಹತ್ತಿರ ಸಾಲ-ಬಡ್ಡಿ ಲೆಕ್ಕದ ಕ್ಯಾಲ್ಕುಲೇಟರ್ ಎಚ್‌ಪಿ-12ಸಿ. 1981ರಲ್ಲಿ ಬಂದ ಮಾದರಿ. ಅದರಲ್ಲಿ = ಬಟನ್ನೇ ಇಲ್ಲ. 8 ಎಂಟರ್, 5, ಚಿಹ್ನೆ ಬದಲಿಸುವ ಸಿಎಚ್‌ಎಸ್, ಆಮೇಲೆ ×. ಈ ಸಿಎಚ್‌ಎಸ್ ಬಟನ್ 1972ರ ಎಚ್‌ಪಿ-35ರಿಂದಲೇ ಇದೆ. ಜೇಬಲ್ಲಿ ಹಿಡಿಯುವ ಮೊದಲ ಸೈಂಟಿಫಿಕ್ ಕ್ಯಾಲ್ಕುಲೇಟರ್ ಅದು, ಆಗಿನ ಬೆಲೆ 395 ಡಾಲರ್. ಆದರೆ 12ಸಿ ಯಲ್ಲಿ ಮೈನಸ್‌ಗೆ ಇನ್ನೊಂದು ಅರ್ಥ ಇದೆ: ಕೈಗೆ ಬಂದ ಹಣ ಪ್ಲಸ್, ಕೈಬಿಟ್ಟು ಹೋದ ಹಣ ಮೈನಸ್. 5 ಲಕ್ಷ ಸಾಲ, ವರ್ಷಕ್ಕೆ 9 ಪರ್ಸೆಂಟ್, 60 ಕಂತು ಅಂತ ಹಾಕಿ ತಿಂಗಳ ಕಂತು ಕೇಳಿದರೆ −10,379.18 ಅಂತ ತೋರಿಸುತ್ತದೆ. ಸಾಲ ಬಂತು, ಕಂತು ಹೋಯಿತು. ಎರಡನ್ನೂ ಪ್ಲಸ್ ಅಂತಲೇ ಹಾಕಿ ಎಷ್ಟು ಕಂತು ಬೇಕು ಅಂತ ಕೇಳಿದರೆ ಎರರ್ 5. ಬರೀ ಬರುತ್ತಲೇ ಇರುವ ಸಾಲ ಎಲ್ಲಿದೆ ಹೇಳಿ, ಇದ್ದರೆ ನನಗೂ ತಿಳಿಸಿ.

ಋಣ ಅನ್ನುವ ಮಾತೇ ಸಾಲದ್ದು ಅಲ್ವಾ. 628ರಲ್ಲಿ ಬ್ರಹ್ಮಗುಪ್ತ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಧನ ಮತ್ತು ಋಣ ಅಂತಲೇ ನಿಯಮ ಬರೆದ, ಅದೇ ಮಾತು ಇವತ್ತಿಗೂ ನಮ್ಮ ಶಾಲೆ ಪುಸ್ತಕದಲ್ಲಿದೆ. ಇನ್ನೊಂದು ತಮಾಷೆ: 1881ರಲ್ಲಿ ಪೇಶಾವರದ ಹತ್ತಿರ ಸಿಕ್ಕಿದ ಬಕ್ಷಾಲಿ ಹಸ್ತಪ್ರತಿಯಲ್ಲಿ ಋಣ ಸಂಖ್ಯೆಗೆ ಹಾಕುವ ಗುರುತು ನಮ್ಮ ಈಗಿನ + ಥರವೇ ಇದೆ, ಅದೂ ಸಂಖ್ಯೆಯ ನಂತರ. ± ಯಂತ್ರದವರು ಹೊಸದೇನೂ ಮಾಡಲಿಲ್ಲ ಅನ್ನಿಸಿತು.

ಆಮೇಲೆ ಶಿರಸಿಯಿಂದ ಇನ್ನೊಂದು ಬಂತು

ಈ ಕಥೆ ಕೇಳಿದ ಮಾವ ತಮ್ಮ ಯಂತ್ರವನ್ನೂ ಕಳಿಸಿದರು. ಅವರದು ಅಡಿಕೆ ವ್ಯಾಪಾರ, ಪೇಪರ್ ರೋಲ್ ಮೇಲೆ ಮುದ್ರಿಸುವ ದೊಡ್ಡ ಕ್ಯಾಲ್ಕುಲೇಟರ್. ದೂರು ಏನಪ್ಪ ಅಂದರೆ, ಚೀಟಿ ಮೇಲಿನ ಸಾಲುಗಳನ್ನು ಕೂಡಿದರೆ ಕೆಳಗಿನ ಮೊತ್ತಕ್ಕೆ ತಾಳೆಯಾಗುವುದಿಲ್ಲ.

ಈ ಜಾತಿಯ ಯಂತ್ರದಲ್ಲಿ + ಮತ್ತು − ಎರಡೂ ಸಂಖ್ಯೆಯ ನಂತರ. 8 ರಿಂದ 5 ಕಳೆಯಲು 8 +, 5 −, ಆಮೇಲೆ ಮೊತ್ತದ ನಕ್ಷತ್ರ ಬಟನ್. ಗೊತ್ತಿಲ್ಲದವರು ಅಭ್ಯಾಸಬಲದಲ್ಲಿ 8 − 5 + ಒತ್ತುತ್ತಾರೆ. ಆಗ 8 ಕಳೆದು 5 ಕೂಡಿಸಿದ ಹಾಗೆ, −3. ನಾನೂ ಮೊದಲು ಹೀಗೇ ಮಾಡಿ, ಯಂತ್ರ ಪೂರ್ತಿ ಕೆಟ್ಟಿದೆ ಅಂತ ಮಾವನಿಗೆ ಫೋನ್ ಮಾಡಿದೆ. ಮಾವ ಆ ಕಡೆಯಿಂದ ನಕ್ಕು, "ಮೊದ್ಲು ಸರಕು ತೂಗು, ಆಮೇಲೆ ಯಾರ ಖಾತೆ ಅಂತ ಹೇಳು" ಅಂದರು. ನನ್ನ ಎಲ್ಲ ವಿವರಣೆಗಿಂತ ಅದು ಚೆನ್ನಾಗಿತ್ತು.

ನಿಜವಾದ ತೊಂದರೆ ಕಂಡುಹಿಡಿಯಲು ಐದು ನಿಮಿಷ. 100 +, 30 −, ಮೊತ್ತ. ಚೀಟಿಯಲ್ಲಿ 100 ಬಂತು, ನಡುವೆ ಖಾಲಿ ಜಾಗ, ಕೆಳಗೆ 70. ಋಣ ಸಾಲುಗಳನ್ನು ಇದು ಕೆಂಪಿನಲ್ಲಿ ಮುದ್ರಿಸುತ್ತದೆ. ಇಂಕ್ ರೋಲರ್ ಅರ್ಧ ಕಪ್ಪು ಅರ್ಧ ಕೆಂಪು, ಕೆಂಪು ಭಾಗ ಪೂರ್ತಿ ಒಣಗಿತ್ತು. ಲೆಕ್ಕ ಸರಿಯಾಗೇ ನಡೆದಿದೆ, ಕಳೆದದ್ದು ಮಾತ್ರ ಕಾಗದಕ್ಕೆ ಹತ್ತಿಲ್ಲ. ಚೀಟಿಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ 30 ರ ಅಚ್ಚು ಒತ್ತಿದ ಗುರುತು ಕಾಣುತ್ತಿತ್ತು.

ಹಳೆ ರೋಲರ್‌ಗೆ ಸ್ಟಾಂಪ್ ಪ್ಯಾಡಿನ ಕೆಂಪು ಇಂಕ್ ಬಿಟ್ಟರೆ ಹೇಗೆ ಅಂತ ನೋಡಿದೆ. ಮಾಡಬೇಡಿ. ಕಪ್ಪಿಗೆ ಹರಿದು ಎರಡೂ ಕಂದು ಆಯಿತು, ನನ್ನ ಬೆರಳುಗಳೂ. ಅಳತೆ ನೋಡಿ ಹೊಸ ಎರಡು ಬಣ್ಣದ ರೋಲರ್ ತಂದು ಹಾಕಿದೆ, ಮುದ್ರಿಸುವ ಅಚ್ಚನ್ನು ಹಳೆ ಟೂತ್‌ಬ್ರಷ್ ಮತ್ತು ಆಲ್ಕೊಹಾಲ್‌ನಲ್ಲಿ ಉಜ್ಜಿದೆ. ಈಗ 30 ಕೆಂಪಗೆ ಬರುತ್ತಿದೆ. ಮಾವ ಹಳೇ ಚೀಟಿಗಳನ್ನೆಲ್ಲ ದೀಪದ ಬೆಳಕಿಗೆ ಹಿಡಿದು ಓದುತ್ತಾ ಕೂತಿದ್ದಾರಂತೆ.

ಅಕ್ಕನ ಮಗಳ ಕ್ಯಾಸಿಯೊ ವಾಪಸ್ ಹೋಗಿ ಮೂರು ವಾರ ಆಯಿತು. (−) ಬಟನ್ ಪಕ್ಕದವಕ್ಕಿಂತ ಒಂಚೂರು ಗಟ್ಟಿ, ಅಂಟಿನ ದಪ್ಪ ಇನ್ನೂ ಕೂದಲೆಳೆಯಷ್ಟು ಉಳಿದಿದೆ, ಆದರೆ ಒಂದು ಸಲವೂ ತಪ್ಪಿಲ್ಲ. ಹಳೆಯ ರೀಡಿಂಗ್‌ಗಳನ್ನು ಎಸಿ ಒತ್ತಿ ಒತ್ತಿ ಮತ್ತೆ ಹಾಕುತ್ತಿದ್ದಾಳೆ. ಟೀ ಲೋಟ ಈಗ ಕಿಟಕಿ ಕಟ್ಟೆ ಮೇಲಿರುತ್ತದಂತೆ.